ಎಂಜಿನಿಯರಿಂಗ್ ವಿಭಾಗದವರು ಕೊಡುವ ‘ಸಾಧನೆಗಳ ಪಟ್ಟಿ’ಯಲ್ಲಿ ಯಾವುದನ್ನು ಲೆಕ್ಕಕ್ಕೆ ತಗೊಳ್ಳಬೇಕು?

ಮಗಳ ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಆಯ್ಕೆ ದಾಖಲಿಸುವುದು) ಹತ್ತಿರ ಬಂದಿದೆ, ಕಾರವಾರ ಕಡೆಯ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪುಸ್ತಿಕೆಯಲ್ಲಿ ಅಧ್ಯಾಪಕರ, ವಿದ್ಯಾರ್ಥಿಗಳ ಸಾಧನೆಯೇ ಪುಟಗಟ್ಟಲೆ ಇದೆ, ಶಿರಸಿಯಲ್ಲಿ ಕೂತು ಇದನ್ನು ಹೇಗೆ ಅಳೆಯುವುದು ಅಂತ ಕೇಳಿದ್ದೀರಿ.

ನಾನು ಇದೇ ಜಿಲ್ಲೆಯ ಬೇರೊಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವ. ಅಂಥ ಪಟ್ಟಿ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಅದರಲ್ಲಿ ಹಸೀ ಸುಳ್ಳು ಕಡಿಮೆ ಮಾರಾಯ್ರೆ. ತೊಂದರೆ ಏನೆಂದರೆ, ಮೂರು ವರ್ಷ ಬೆವರು ಸುರಿಸಿದ್ದೂ ಒಂದು ಮಧ್ಯಾಹ್ನದಲ್ಲಿ ಮುಗಿದದ್ದೂ ಒಂದೇ ಗಾತ್ರದ ಅಕ್ಷರದಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಕೈಗಾ ಅಣುಸ್ಥಾವರ ನೋಡಿಕೊಂಡು ಬಂದದ್ದನ್ನೂ ‘ಸಾಧನೆ’ ಅಂತ ಸೇರಿಸಿದ್ದು ನೋಡಿದ್ದೇನೆ.

ಹೆಚ್ಚು ಜನ ಮರುಳಾಗುವುದು ಪೇಟೆಂಟ್‌ಗೆ. ‘ಪೇಟೆಂಟ್ ಪ್ರಕಟವಾಗಿದೆ’ ಅಂತಿದ್ದರೆ ಅರ್ಜಿ ಹಾಕಿದ್ದು ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಬಂದಿದೆ ಅಂತಷ್ಟೇ ತಿಳಿಯಿರಿ. ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಬೇರೆ ಶುಲ್ಕ ಕಟ್ಟಿದರೆ ಇನ್ನೂ ಬೇಗ. ಆ ಹೊತ್ತಿಗೆ ಯಾವ ಪರೀಕ್ಷಕನೂ ಅದನ್ನು ಓದಿರಬೇಕೆಂದಿಲ್ಲ. ಪರೀಕ್ಷೆ ಮಾಡಿ ಎಂದು ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. 2024ರ ನಿಯಮದಂತೆ 31 ತಿಂಗಳೊಳಗೆ ಸಲ್ಲಿಸದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆಯೇ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕ ಶೇ. 80ರಷ್ಟು ಇಳಿದ ಮೇಲೆ ಅರ್ಜಿ ಹಾಕುವ ಭರಾಟೆ ಜೋರಾಯಿತು. ಬೇರೆ ಬೇರೆ ಊರಿನ ಹತ್ತು ಕಾಲೇಜಿನ ಹತ್ತು ಜನ ಸೇರಿ ಒಂದು ಅರ್ಜಿ ಹಾಕಿದ್ದಾರೆಂದರೆ ನನಗಂತೂ ಅನುಮಾನವೇ. ಅರ್ಜಿ ಸಂಖ್ಯೆ ಕೇಳಿ ಪಡೆಯಿರಿ. ಪೇಟೆಂಟ್ ಕಚೇರಿಯ ಹುಡುಕು ತಾಣದಲ್ಲಿ ಪುಕ್ಕಟೆ ನೋಡಬಹುದು. ಮಂಜೂರಾಗಿದ್ದರೆ ಅದಕ್ಕೆ ಬೆಲೆ ಇದೆ. ‘ಡಿಸೈನ್ ನೋಂದಣಿ’ ಎನ್ನುವುದು ಬೇರೆಯೇ, ಅದು ವಸ್ತುವಿನ ಹೊರ ಆಕಾರಕ್ಕೆ ಮಾತ್ರ. ಪಟ್ಟಿಯಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಹಾಕಿರುತ್ತಾರೆ.

ಪ್ರಬಂಧಗಳ ವಿಷಯ ಉದ್ದ ಎಳೆಯುವುದಿಲ್ಲ. ‘ಇಂಟರ್‌ನ್ಯಾಷನಲ್ ಜರ್ನಲ್’ ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಸ್ಕೋಪಸ್‌ನಲ್ಲೋ ವೆಬ್ ಆಫ್ ಸೈನ್ಸ್‌ನಲ್ಲೋ (ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುವ ಸೂಚಿಗಳು) ಇದೆಯೇ ಅಂತ ಕೇಳಿದರೆ ಸಾಕು.

ವಿದ್ಯಾರ್ಥಿಗಳ ಕಡೆಗೆ ಬಂದರೆ, ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ರ‍್ಯಾಂಕ್ ಗಟ್ಟಿ ಸರಕು. ಒಂದೇ ಪ್ರಶ್ನೆಪತ್ರಿಕೆ ಬರೆಯುವ ಅಷ್ಟೂ ಕಾಲೇಜುಗಳ ಮಕ್ಕಳ ನಡುವೆ ಬಂದದ್ದು. ಆದರೆ ಅದು ಒಬ್ಬ ಹುಡುಗಿಯ ಸಾಧನೆ. ಉಳಿದವರ ಪಾಸ್ ಪ್ರಮಾಣ ಎಷ್ಟು ಅಂತಲೂ ಕೇಳಿ. ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸ್) ಸರ್ಟಿಫಿಕೇಟನ್ನು ಹಗುರ ಮಾಡಬೇಡಿ. ಅದರಲ್ಲಿ ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ಶೇ. 25 ಮಾತ್ರ, ಉಳಿದ ಶೇ. 75 ಕೇಂದ್ರಕ್ಕೆ ಹೋಗಿ ಕಾವಲಿನಲ್ಲಿ ಬರೆಯುವ ಪರೀಕ್ಷೆಗೆ. ಒಟ್ಟು ಶೇ. 90 ಮುಟ್ಟಿದರೆ ‘ಎಲೀಟ್ ಗೋಲ್ಡ್’. ಅಧ್ಯಾಪಕರೂ ಕೂತು ಬರೆದು ಪಾಸಾಗಿದ್ದರೆ ಆ ವಿಭಾಗದ ಬಗ್ಗೆ ನನಗೆ ಗೌರವ ಹೆಚ್ಚು.

ನಾನು ಮೊದಲು ನೋಡುವುದು ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪ್ರತಿವರ್ಷ ಒಳ್ಳೆಯ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ಆರಿಸಿ ಸಣ್ಣ ಮೊತ್ತ ಕೊಡುತ್ತದೆ. ದುಡ್ಡು ದೊಡ್ಡದಲ್ಲ, ಆದರೆ ಹೊರಗಿನವರು ಓದಿ ಆರಿಸಿದ್ದು. ನಮ್ಮಲ್ಲಿ ಒಂದು ತಂಡ ನೆಲದಲ್ಲೇ ನಿಂತು ಅಡಿಕೆ ಕೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆರೋಗದ ಮದ್ದು) ಹೊಡೆಯುವ ಉದ್ದ ದೋಟಿ ಮಾಡಿತ್ತು. ಮರ ಹತ್ತುವ ಕೊನೆಗೌಡರು ಸಿಗದ ಕಾಲ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಲ್ಯಾಬಿನಲ್ಲಿ ನೀರು ಹಾಕಿದಾಗ ಚೆಂದ ಹಾರಿತು. ಯಲ್ಲಾಪುರದ ತೋಟದಲ್ಲಿ ಮದ್ದು ತುಂಬಿದ ಕೂಡಲೇ ನಾಜಲ್ ಕಟ್ಟಿತು. ಮೈಲುತುತ್ತ ಕರಗಿತ್ತು, ಸುಣ್ಣದ ಕಣ ತಳಕ್ಕೆ ಕೂತಿತ್ತು. ಹುಡುಗರು ಜರಡಿ ಹಾಕಿದರು, ಟ್ಯಾಂಕಿನೊಳಗೆ ಕಲಕುವ ಕೋಲು ಕೂರಿಸಿದರು, ದೋಟಿ ತುದಿ ಭಾರವಾಗಿ ಬಾಗುತ್ತದೆ ಅಂತ ಅಡಿಕೆ ಬೆಳೆಗಾರರೇ ಬೈದದ್ದನ್ನೂ ವರದಿಯಲ್ಲಿ ಬರೆದರು. ಸಾಧನೆಗಳ ಪಟ್ಟಿಯಲ್ಲಿ ಅದು ಒಂದೇ ಸಾಲು. ಪಕ್ಕದ ಸಾಲಿನಲ್ಲಿ ಯಾವುದೋ ಒಂದು ದಿನದ ವೆಬಿನಾರ್.

ಎನ್‌ಬಿಎ (ತಾಂತ್ರಿಕ ಕೋರ್ಸುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ ಬೇರೆ ಬೇರೆ. ಅದಕ್ಕೆ ಅವಧಿಯೂ ಇರುತ್ತದೆ. ಕಾಲೇಜಿಗೆ ಒಟ್ಟಾಗಿ ಸಿಗುವುದು ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಂಡಳಿ) ಗ್ರೇಡ್. ಮಗಳು ಸೇರುವ ಬ್ರಾಂಚಿಗೆ ಎನ್‌ಬಿಎ ಇದೆಯೇ, ಯಾವ ವರ್ಷದವರೆಗೆ, ಅದನ್ನು ನೋಡಿ.

ಸಾಧ್ಯವಾದರೆ ಆಪ್ಷನ್ ಲಾಕ್ ಮಾಡುವ ಮುಂಚೆ ಒಮ್ಮೆ ದೇವಿಮನೆ ಘಟ್ಟ ಇಳಿದು ಹೋಗಿ ಬನ್ನಿ. ಶಿರಸಿಯಿಂದ ಬೆಳಿಗ್ಗೆ ಬೇಗ ಹೊರಟರೆ ಸಂಜೆ ಮನೆಗೆ ಬರಬಹುದು. ಮಗಳನ್ನೂ ಕರ್ಕೊಂಡು ಹೋಗಿ, ವಿಭಾಗದ ಮುಖ್ಯಸ್ಥರ ಹತ್ತಿರ ಹೋದ ವರ್ಷದ ಎರಡು ಪ್ರಾಜೆಕ್ಟ್ ವರದಿ ಕೇಳಿ. ಮುನ್ನುಡಿ, ಕೃತಜ್ಞತೆ ಎಲ್ಲ ದಾಟಿ, ಪರೀಕ್ಷೆ ಮಾಡಿದ ಅಧ್ಯಾಯ ತೆಗೆಯಿರಿ. ಅಲ್ಲಿ ಅಳತೆಯ ಕೋಷ್ಟಕ, ಕೆಟ್ಟುಹೋದ ಭಾಗದ ಫೋಟೋ ಇದ್ದರೆ ಆ ಮಕ್ಕಳು ಕೈಯಾರೆ ಮಾಡಿದ್ದಾರೆ. ಬರೀ ಇಂಟರ್‌ನೆಟ್ಟಿನ ಚಿತ್ರಗಳೇ ಇದ್ದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಸ್ವಲ್ಪ ಕೆಳಗಿಡಿ.