ರೈಲಿನಲ್ಲಿ ಓದೋಕೆ ಮೊದಲು ಯಾರ ಪುಸ್ತಕ?

ಯಾದಗಿರಿಯಿಂದ ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡ್ತೀನಿ, ಈಗಿನ ಲೇಖಕರಲ್ಲಿ ಯಾರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ವಿವೇಕ ಶಾನಭಾಗ. ಅವರ ‘ಘಾಚರ್ ಘೋಚರ್’ ಸಣ್ಣ ಪುಸ್ತಕ. ಕೈಗೆ ದುಡ್ಡು ಬಂದ ಮೇಲೆ ಒಂದು ಕುಟುಂಬ ಹೇಗೆ ಬದಲಾಗುತ್ತದೆ ಅನ್ನೋದೇ ಕಥೆ. ಹಳೇ ಮನೆಯಲ್ಲಿ ಇರುವೆಗಳನ್ನು ಕೊಲ್ಲುವ ಭಾಗ ಇದೆ ನೋಡಿ, ಮೊದಲು ನಗು ಬರುತ್ತದೆ, ಆಮೇಲೆ ಯಾಕೋ ಕಸಿವಿಸಿ. ದಾರಿಯಲ್ಲಿ ವಾಡಿ ಸ್ಟೇಷನ್ ದಾಟಿದ್ದೂ ಗೊತ್ತಾಗಲ್ಲ.

ಬಾನು ಮುಷ್ತಾಕ್ ಅವರ ಕಥೆಗಳನ್ನೂ ಓದಿ. 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು ಅಂತಲ್ಲ. ದೇವರೇ, ನೀನೂ ಒಮ್ಮೆ ಹೆಣ್ಣಾಗು ಅಂತ ಕೇಳುವ ಕಥೆ ಒಂದಿದೆ, ಅದಕ್ಕಾಗಿ.

ನಮ್ಮ ಕಡೆ ಮಾತೇ ಬೇಕು ಅಂದ್ರೆ ಗೀತಾ ನಾಗಭೂಷಣ ಅವರ ‘ಬದುಕು’. ಅವರು ಈಗಿಲ್ಲ. ಪುಸ್ತಕ ದಪ್ಪ, ರೈಲಿಗಲ್ಲ, ರಜೆಗೆ ಇಟ್ಟುಕೊಳ್ಳಿ.