ತುಪ್ಪಳದ ಪ್ರಾಣಿ, ಉರುಳು ಮತ್ತು ಕಾನೂನು: ಓದುಗರ ಪ್ರಶ್ನೆಗಳಿಗೆ ಉತ್ತರ

ಗಂಗಾವತಿಯ ಓದುಗರೊಬ್ಬರು: ನನ್ನ ಅಕ್ಕನ ಮಗ ಕೆನಡಾದಲ್ಲಿ ಓದುತ್ತಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು, ತುಪ್ಪಳಕ್ಕಾಗಿ ಪ್ರಾಣಿಗಳನ್ನು ಬೋನಿಟ್ಟು ಹಿಡಿಯಲು ಬಿಡುತ್ತದೆ ಎಂದು ಫೋನಿನಲ್ಲಿ ಹೇಳಿದ. ನಮ್ಮ ಕಡೆ ಅಂಥ ಹಂಗಾಮು ಯಾವ ತಿಂಗಳಿನಲ್ಲಿ ಬರುತ್ತದೆ? ಪರವಾನಗಿಯನ್ನು ಯಾವ ಕಚೇರಿಯಲ್ಲಿ ಕೇಳಬೇಕು?

ಉತ್ತರ: ನಿಮ್ಮ ಅಳಿಯ ಹೇಳಿದ್ದು ಅಲ್ಲಿಯ ಮಟ್ಟಿಗೆ ನಿಜ. ಬೀವರ್, ಮಿಂಕ್, ಮಾರ್ಟನ್, ಕೆಂಪು ನರಿ, ನೀರುನಾಯಿ ಮೊದಲಾದವುಗಳನ್ನು ಅಲ್ಲಿ ತುಪ್ಪಳದ ಪ್ರಾಣಿಗಳೆಂದು ಪ್ರತ್ಯೇಕವಾಗಿ ಗುರುತಿಸಿ, ಯಾವುದನ್ನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಹಿಡಿಯಬಹುದೆಂದು ಆಯಾ ಪ್ರಾಂತ್ಯದ ಸರ್ಕಾರ ಗೊತ್ತುಪಡಿಸುತ್ತದೆ. ಈ ಅವಧಿ ಸಾಮಾನ್ಯವಾಗಿ ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ ಇರುತ್ತದೆ. ಹಿಮ ಬೀಳುವ ಹೊತ್ತಿಗೆ ಪ್ರಾಣಿಯ ಹೊರಗೂದಲಿನ ಅಡಿಯಲ್ಲಿ ಮೃದುವಾದ ಒಳಗೂದಲು ದಟ್ಟವಾಗಿ ಬೆಳೆದು ತೊಗಲಿಗೆ ಬೆಲೆ ಬರುತ್ತದೆ, ಮತ್ತು ಆ ಹೊತ್ತಿಗೆ ಮರಿಗಳು ತಾಯಿಯ ಹಾಲನ್ನು ಬಿಟ್ಟಿರುತ್ತವೆ. ಬೋನಿಡುವವನು ತರಬೇತಿ ಪಡೆದು ಪರವಾನಗಿ ಹೊಂದಿರಬೇಕು, ಮತ್ತು ಇಟ್ಟ ಬೋನುಗಳನ್ನು ನಿಗದಿತ ಅವಧಿಯೊಳಗೆ ನೋಡಿ ಬರಬೇಕೆಂಬ ನಿಯಮ ಹಲವು ಕಡೆ ಇದೆ. ಕಾಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬೋನನ್ನು ನಿಷೇಧಿಸುವ ನಿಯಮವನ್ನು ಯುರೋಪು 1991ರಲ್ಲಿ ಮಾಡಿದ ಮೇಲೆ, ಎಂಥ ಬೋನು ಪ್ರಾಣಿಗೆ ಕಡಿಮೆ ಯಾತನೆ ಕೊಡುತ್ತದೆ ಎಂಬುದರ ಬಗ್ಗೆ 1997ರಲ್ಲಿ ಯುರೋಪ್ ಒಕ್ಕೂಟವೂ ಕೆನಡಾವೂ ಒಂದು ಒಪ್ಪಂದಕ್ಕೆ ಬಂದವು.

ಇನ್ನು ನಮ್ಮ ಕಡೆಯ ಮಾತು. ಇಲ್ಲಿ ಅಂಥ ಹಂಗಾಮು ಇಲ್ಲ, ಪರವಾನಗಿ ಕೊಡುವ ಕಚೇರಿಯೂ ಇಲ್ಲ. ಒಂದು ಕಾಲಕ್ಕೆ ಎರಡೂ ಇದ್ದವು. ಬ್ರಿಟಿಷರು 1912ರಲ್ಲಿ ತಂದ ಕಾಡು ಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯ್ದೆಯ ಪ್ರಕಾರ, ಪ್ರಾಂತ್ಯದ ಸರ್ಕಾರವು ವರ್ಷದ ಕೆಲವು ತಿಂಗಳುಗಳನ್ನು ಬೇಟೆಗೆ ಮುಚ್ಚಿದ ಅವಧಿ ಎಂದು ಸಾರಬಹುದಾಗಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಿತ್ತು. ನಿಜಾಮರ ಆಳ್ವಿಕೆಯ ರಾಯಚೂರು, ಕೊಪ್ಪಳಗಳು ಬರುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ರೂಪದಲ್ಲಿಯೂ ದೊಡ್ಡ ಬೇಟೆ, ಸಣ್ಣ ಬೇಟೆ ಎಂಬ ಪರವಾನಗಿಗಳ ಜೊತೆಗೆ ಕಾಡುಪ್ರಾಣಿಯನ್ನು ಬೋನಿನಲ್ಲಿ ಹಿಡಿಯುವುದಕ್ಕೇ ಬೇರೆಯೊಂದು ಪರವಾನಗಿ ಇತ್ತು. 1991ರ ತಿದ್ದುಪಡಿ ಇವೆಲ್ಲವನ್ನೂ ಒಮ್ಮೆಗೇ ತೆಗೆದುಹಾಕಿತು. ಈಗ ಕಾಯ್ದೆಯ 9ನೇ ಕಲಮಿನ ಪ್ರಕಾರ, ಅನುಸೂಚಿಯಲ್ಲಿರುವ, ಅಂದರೆ ಕಾಯ್ದೆಗೆ ಲಗತ್ತಿಸಿದ ಪಟ್ಟಿಗಳಲ್ಲಿರುವ, ಯಾವ ಕಾಡುಪ್ರಾಣಿಯನ್ನೂ ಯಾವ ತಿಂಗಳಿನಲ್ಲಿಯೂ ಬೇಟೆಯಾಡುವಂತಿಲ್ಲ. ಬೇಟೆ ಎಂದರೆ ಬಂದೂಕು ಮಾತ್ರವಲ್ಲ: ಉರುಳು ಹಾಕುವುದು, ಬೋನಿಡುವುದು, ಆಮಿಷವೊಡ್ಡುವುದು, ಓಡಿಸಿಕೊಂಡು ಹೋಗುವುದು, ಇವುಗಳಿಗೆ ಯತ್ನಿಸುವುದು, ಎಲ್ಲವೂ ಅದರ ವ್ಯಾಖ್ಯೆಯೊಳಗೆ ಸೇರಿವೆ. ಹೀಗಾಗಿ ಉರುಳಿಗೆ ಪ್ರಾಣಿ ಬೀಳದಿದ್ದರೂ ಉರುಳು ಹಾಕಿದ್ದೇ ಅಪರಾಧವಾಗುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. "ಏನೂ ಬಿದ್ದಿರಲಿಲ್ಲವಲ್ಲ" ಎಂಬ ಸಮಜಾಯಿಷಿಯನ್ನು ನಾನು ಹಳ್ಳಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ಮಸ್ಕಿಯ ಓದುಗರೊಬ್ಬರು: ಯುಗಾದಿಯ ಮರುದಿನ ನಮ್ಮ ಭಾಗದ ಕೆಲವು ಹಳ್ಳಿಗಳಲ್ಲಿ ಮೊಲದ ಬೇಟೆಗೆ ಹೋಗುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ವರ್ಷಕ್ಕೆ ಒಂದೇ ದಿನ ಆಚರಿಸುವ ಇದನ್ನು ಕಾನೂನು ಸಂಪ್ರದಾಯವೆಂದು ಒಪ್ಪುವುದಿಲ್ಲವೇ?

ಉತ್ತರ: ಒಪ್ಪುವುದಿಲ್ಲ. ಮೊಲ ಎರಡನೆಯ ಅನುಸೂಚಿಯ ಪ್ರಾಣಿ. ಬಲೆ ಒಡ್ಡಿ ಹಿಡಿದರೂ, ನಾಯಿ ಬಿಟ್ಟು ಹಿಡಿದರೂ, ಕೋಲಿನಿಂದ ಹೊಡೆದರೂ 3 ವರ್ಷಗಳವರೆಗಿನ ಸೆರೆಮನೆ, ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡದ ಮಿತಿ ಮೊದಲು 25 ಸಾವಿರವಿತ್ತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಹೆಚ್ಚಿಸಿತು. ಹಬ್ಬಕ್ಕೆ, ಜಾತ್ರೆಗೆ, ಹರಕೆಗೆ ಎಂದು ವಿನಾಯಿತಿ ಕೊಡುವ ಕಲಮು ಈ ಕಾಯ್ದೆಯಲ್ಲಿಲ್ಲ. ಹಿಡಿದ ಮೊಲಗಳನ್ನು ಕೋಲಿಗೆ ಕಟ್ಟಿ ಮೆರವಣಿಗೆ ಮಾಡಿ, ಅದರ ವಿಡಿಯೊವನ್ನು ಮೊಬೈಲಿನಲ್ಲಿ ಹಂಚುವವರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಸಿದ್ಧಪಡಿಸಿ ಕೊಟ್ಟಂತಾಗುತ್ತದೆ. ಹಿರಿಯರು ಈ ಪದ್ಧತಿಯನ್ನು ಆರಂಭಿಸಿದಾಗ ಸುತ್ತಲಿನ ಹುಲ್ಲುಗಾವಲು ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನು ನಿಮ್ಮ ಊರಿನವರೇ ನನಗಿಂತ ಚೆನ್ನಾಗಿ ಬಲ್ಲರು.

ಸಿಂಧನೂರು ತಾಲ್ಲೂಕಿನ ರೈತರೊಬ್ಬರು: ಭತ್ತದ ಗದ್ದೆಯಲ್ಲಿ ಇಲಿ, ಹೆಗ್ಗಣಗಳ ಕಾಟ, ಪಕ್ಕದ ಜೋಳದ ಹೊಲದಲ್ಲಿ ಕಾಡುಹಂದಿಗಳ ಕಾಟ. ಎರಡಕ್ಕೂ ಬೋನು, ಉರುಳು ಇಡಬಹುದೇ?

ಉತ್ತರ: ಗದ್ದೆಯ ಇಲಿಗೂ ಹೆಗ್ಗಣಕ್ಕೂ ಇಲಿಬೋನು ಇಡುವುದಕ್ಕೆ ಅಡ್ಡಿಯಿಲ್ಲ. ಹಂದಿಯ ವಿಷಯ ಬೇರೆ. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕಾರಿಯಾದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಟ್ಟರೆ ಮಾತ್ರ, ಆ ಆದೇಶದ ಮಿತಿಯಲ್ಲಿ ಅದನ್ನು ಬೇಟೆಯಾಡಬಹುದು. ಕಾಯ್ದೆಯ 11ನೇ ಕಲಮು ಇದಕ್ಕೆ ಅವಕಾಶ ಕೊಡುತ್ತದೆ. ಆದೇಶ ಕೈಗೆ ಬರುವ ಮೊದಲೇ ಕ್ಲಚ್ ವೈರಿನ ಉರುಳು ಹಾಕಿದವನಿಗೆ ಈ ಕಲಮಿನ ರಕ್ಷಣೆ ಸಿಗುವುದಿಲ್ಲ.

ನಿಮ್ಮ ಕಷ್ಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಹಂದಿಗಳು ಮಾಡುವ ಹಾನಿ ಎಷ್ಟೆಂಬುದು ಹೊಲ ಕಾದವರಿಗೆ ಮಾತ್ರ ಗೊತ್ತು, ಮತ್ತು ಕಚೇರಿಯಿಂದ ಆದೇಶ ಬರುವವರೆಗೆ ಹಂದಿ ಕಾಯುವುದಿಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ ಉರುಳನ್ನು ನಾನು ಸಮರ್ಥಿಸಲಾರೆ. ಹಂದಿಗೆಂದು ಹಾಕಿದ ತಂತಿಗೆ ಕರಡಿಯೋ ಚಿರತೆಯೋ ಕತ್ತೆಕಿರುಬವೋ ಸಿಕ್ಕರೆ ವಿಷಯವು ಮೊದಲ ಅನುಸೂಚಿಗೆ ಹೋಗುತ್ತದೆ. ಅಲ್ಲಿ ಶಿಕ್ಷೆ 3 ವರ್ಷಗಳಿಗೆ ಕಡಿಮೆಯಿಲ್ಲದೆ 7 ವರ್ಷಗಳವರೆಗೆ ಇರುತ್ತದೆ, ದಂಡ 25 ಸಾವಿರಕ್ಕೆ ಕಡಿಮೆಯಾಗುವುದಿಲ್ಲ. ಎಷ್ಟೋ ಕಡೆ ಉರುಳಿಗೆ ಮೊದಲು ಸಿಕ್ಕುವುದು ಊರಿನದೇ ನಾಯಿ ಅಥವಾ ನೆರೆಯವರ ಆಡು. ಬೇಲಿಗೆ ನೇರವಾಗಿ ಮನೆಯ ಕರೆಂಟು ಹರಿಸುವುದು ಇದಕ್ಕಿಂತಲೂ ಕೆಟ್ಟದ್ದು. ನೀರು ಕಟ್ಟಲು ರಾತ್ರಿ ಹೊಲಕ್ಕೆ ಬರುವ ಮನುಷ್ಯನೇ ಅದಕ್ಕೆ ಬಲಿಯಾಗಬಹುದು. ಬೆಳೆ ಹಾನಿಯಾದ ಕೂಡಲೇ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿ ಮತ್ತು ಹಾನಿಯ ಫೋಟೊಗಳೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿರಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿರಿ. ಅದೇ ಅರ್ಜಿಯೊಂದಿಗೆ 11ನೇ ಕಲಮಿನ ಅಡಿಯ ಆದೇಶವನ್ನೂ ಬರವಣಿಗೆಯಲ್ಲಿ ಕೇಳಬಹುದು. ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಊರಿನ ಹತ್ತು ರೈತರು ಒಟ್ಟಾಗಿ ಕೇಳುವುದು ಮೇಲು.

ಕುಷ್ಟಗಿ ಕಡೆಯ ಕುರಿಗಾಹಿಯೊಬ್ಬರ ಪರವಾಗಿ ಅವರ ಮಗ: ತೋಳಗಳು ಮರಿಗಳನ್ನು ಹೊತ್ತೊಯ್ಯುತ್ತಿವೆ. ಅಪ್ಪಾಜಿಯವರು ಹಲ್ಲಿನ ಕಬ್ಬಿಣದ ಬೋನು ಮಾಡಿಸುವೆನೆನ್ನುತ್ತಾರೆ. ನಾನು ಬೇಡವೆನ್ನುತ್ತಿದ್ದೇನೆ. ಯಾರು ಸರಿ?

ಉತ್ತರ: ನೀವು ಸರಿ, ಆದರೆ ನಿಮ್ಮ ತಂದೆಯವರ ನಷ್ಟವೂ ನಿಜ. ತೋಳ ಮೊದಲ ಅನುಸೂಚಿಯ ಪ್ರಾಣಿಯಾಗಿರುವುದರಿಂದ, ಕುರಿ ಹಿಡಿಯುತ್ತದೆ ಎಂಬ ಕಾರಣಕ್ಕೆ ಅದನ್ನು ಹಿಡಿಯಲು ಅಥವಾ ಕೊಲ್ಲಲು ಯಾವ ಅಧಿಕಾರಿಯೂ ಅನುಮತಿ ಕೊಡುವಂತಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ, ಅಥವಾ ಗುಣವಾಗದಷ್ಟು ರೋಗ, ಊನ ತಗಲಿದಾಗ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ಮಾಡಬಹುದು. ನಿಮ್ಮ ಜಿಲ್ಲೆಯಲ್ಲಿ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ವನ್ಯಧಾಮ ಆಗಿದೆ. ಅಲೆಮಾರಿ ಕುರಿಗಾಹಿಗಳು ರಾತ್ರಿ ಮರಿಗಳನ್ನು ಬಲೆಯ ದೊಡ್ಡಿಯೊಳಗೆ ಕೂಡಿ, ನಾಲ್ಕು ಮೂಲೆಗೆ ನಾಯಿ ಬಿಟ್ಟು, ಸರತಿಯ ಮೇಲೆ ಕಾಯುವ ಕ್ರಮವನ್ನು ನಿಮ್ಮ ತಂದೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಟ್ಟಿಯಲ್ಲಿ ಕಾಯುವ ಕೈಗಳು ಕಡಿಮೆಯಾಗಿರುವುದೇ ಇಂದಿನ ತೊಡಕು ಎಂದು ನನಗನಿಸುತ್ತದೆ. ಮರಿ ಸತ್ತರೆ ಕಳೇಬರವನ್ನು ಎತ್ತಿ ಹಾಕದೆ, ಅದಕ್ಕೆ ವಿಷವನ್ನಂತೂ ಬೆರೆಸದೆ, ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕರೆಸಿ ಪಶುವೈದ್ಯರ ಮರಣೋತ್ತರ ವರದಿ ಮಾಡಿಸಿರಿ. ಪರಿಹಾರದ ಅರ್ಜಿ ನಿಲ್ಲುವುದು ಆ ವರದಿಯ ಮೇಲೆಯೇ. ಅರಣ್ಯ ಸಹಾಯವಾಣಿಯ ಸಂಖ್ಯೆ 1926.

ಕಂಪ್ಲಿಯ ಮೀನುಗಾರರೊಬ್ಬರು: ನೀರುನಾಯಿಗಳು ಬಲೆ ಹರಿದು ಮೀನು ತಿನ್ನುತ್ತವೆ. ಅವುಗಳ ತೊಗಲಿಗೆ ಬೆಲೆ ಇದೆಯೆಂದು ಒಬ್ಬರು ಕೇಳಿಕೊಂಡು ಬಂದಿದ್ದರು.

ಉತ್ತರ: ಕೇಳಿಕೊಂಡು ಬಂದವರನ್ನು ದೂರವಿಡಿರಿ. ನೀರುನಾಯಿಯ ದಟ್ಟ ತುಪ್ಪಳವೇ ಅದಕ್ಕೆ ಶತ್ರುವಾಗಿ, ಟಿಬೆಟಿನ ಉಡುಪುಗಳ ಅಂಚಿಗೆಂದು ಭಾರತದಿಂದ ಅದರ ತೊಗಲು ಕಳ್ಳಸಾಗಣೆಯಾದದ್ದುಂಟು. ನೀವು ಬಲೆ ಬೀಸುವ ಹೊಳೆಯೇ ಅದರ ಆಸರೆ: ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಮುಂಗುಸಿಯ ಕೂದಲನ್ನು ಕೇಳಿಕೊಂಡು ಬರುವವರಿಗೂ ಇದೇ ಉತ್ತರ. ಒಂದು ಕಿಲೋ ಬ್ರಶ್ ಕೂದಲಿಗೆ ಹತ್ತಾರು ಮುಂಗುಸಿಗಳು ಸಾಯಬೇಕು.

ಬಳ್ಳಾರಿಯ ಓದುಗರೊಬ್ಬರು: ಅಜ್ಜನವರ ಕಾಲದ ಚಿರತೆಯ ಚರ್ಮವೊಂದು ಅಟ್ಟದಲ್ಲಿದೆ. ಈಗ ಏನು ಮಾಡಬೇಕು?

ಉತ್ತರ: ಮೊದಲು ಹಳೆಯ ಕಾಗದಪತ್ರಗಳನ್ನು ಹುಡುಕಿರಿ. ಅಜ್ಜನವರ ಹೆಸರಿನಲ್ಲಿ ಮಾಲೀಕತ್ವದ ಪ್ರಮಾಣಪತ್ರವಿದ್ದರೆ ಆ ಚರ್ಮ ಉತ್ತರಾಧಿಕಾರವಾಗಿ ನಿಮಗೆ ಬರಬಹುದು. ಆದರೆ ಬಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಇಟ್ಟುಕೊಳ್ಳಲು ಮನಸ್ಸಿಲ್ಲದವರು ನೋಟಿಸ್ ಕೊಟ್ಟು ಅದನ್ನು ಸರ್ಕಾರಕ್ಕೆ ಒಪ್ಪಿಸುವ ಅವಕಾಶವನ್ನು 2022ರ ತಿದ್ದುಪಡಿ ಮಾಡಿಕೊಟ್ಟಿದೆ. ಅದಕ್ಕೆ ಹಣ ಸಿಗುವುದಿಲ್ಲ. ಪ್ರಮಾಣಪತ್ರವೇ ಇಲ್ಲದಿದ್ದರೆ ತೊಡಕು ಹೆಚ್ಚು. ಘೋಷಿಸದ ಚರ್ಮಗಳಿಗೆ 2003ರ ನಿಯಮಗಳು 180 ದಿನಗಳ ಕಾಲಾವಕಾಶ ಕೊಟ್ಟಿದ್ದವು, ಅದು ಎಂದೋ ಮುಗಿದಿದೆ. ಅಂಥ ಚರ್ಮ ನಿಮ್ಮಲ್ಲಿದ್ದರೆ ಅದು ಕಾನೂನುಬಾಹಿರವಾಗಿ ಇದೆ ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ; ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಹಾಗೆಂದು ಹೆದರಿ ಅದನ್ನು ಸುಡುವುದಾಗಲಿ, ಹೂಳುವುದಾಗಲಿ, ಬೀಗರಿಗೆ ದಾಟಿಸುವುದಾಗಲಿ ಮಾಡಬೇಡಿರಿ, ಅವೂ ಅಪರಾಧವಾಗಬಹುದು. ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು, ಚರ್ಮ ಹೇಗೆ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡು, ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ನೀವೇ ಮೊದಲು ಪತ್ರ ಕೊಡಿರಿ. ಅಲ್ಲಿಯವರೆಗೆ ಅಟ್ಟದ ಫೋಟೊವನ್ನು ಯಾರಿಗೂ ಕಳುಹಿಸಬೇಡಿರಿ, ಈ ಅಂಕಣಕ್ಕೂ ಬೇಡ.