ಹತ್ತಿಗೆ ಹತ್ತಿದ ಎಳೆ

ಮಾನ್ವಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಕಂಟಾಮಿನೇಷನ್ ಎಂಬ ಒಂದೇ ಇಂಗ್ಲಿಷ್ ಪದವನ್ನು ಕಳೆದ ಸಂಚಿಕೆಯಲ್ಲಿ ಹತ್ತಿಯ ಮಾತು ಬಂದಾಗ 'ಕಲಬೆರಕೆ' ಎಂದಿರಿ, ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯದಲ್ಲಿ 'ಕಲುಷಿತ' ಎಂದಿರಿ. ನಾನು ಹತ್ತಿ ಬೆಳೆಯುವವನು. ನಾನು ಯಾವ ಕಲಬೆರಕೆ ಮಾಡಿದ್ದೇನೆ?"

ಸಂಪಾದಕರ ಉತ್ತರ: ನೀವು ಏನನ್ನೂ ಮಾಡಿಲ್ಲ. ತಪ್ಪು ನಮ್ಮದು, ಕ್ಷಮಿಸಿ.

ಕಲಬೆರಕೆ ಬೇಕೆಂದೇ ಮಾಡುವ ಕೆಲಸ. ಖಾರದ ಪುಡಿಗೆ ಇಟ್ಟಿಗೆ ಪುಡಿ ಬೆರೆಸುವವನಿಗೆ ತನ್ನ ಲಾಭದ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಕಂಟಾಮಿನೇಷನ್ ಬಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಸೇರಿ ನಡೆಸುವ, ಆಹಾರದ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ ಆಹಾರದ ವಿಚಾರದಲ್ಲಿ ಕೊಡುವ ವ್ಯಾಖ್ಯೆಯಲ್ಲೇ 'ಉದ್ದೇಶಪೂರ್ವಕವಾಗಿ ಸೇರಿಸದ' ಎಂಬ ಮಾತಿದೆ.

ರಾಯಚೂರಿನ ಹತ್ತಿಯನ್ನೇ ನೋಡೋಣ. ಎಲೆಚೂರು, ಕಾಯಿಯ ಸಿಪ್ಪೆ ಇದ್ದರೆ ಅದು ಕಸ. ಗಿಡದ್ದೇ, ಬಹುಪಾಲು ಜಿನ್ನಿಂಗ್‌ನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವಾಗ, ಹೋಗುತ್ತದೆ. ತೊಂದರೆ ಕೊಡುವುದು ಹೊರಗಿನಿಂದ ಬಂದದ್ದು: ತಲೆಗೂದಲು, ಬಣ್ಣದ ದಾರ, ಎಲ್ಲಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಚೀಲದ ಎಳೆ. ಬಿಸಿಲಿನಲ್ಲಿ ಬಿದ್ದಿದ್ದ ಗೊಬ್ಬರದ ಚೀಲದ ಅಂಚನ್ನು ಉಗುರಿನಿಂದ ಕೆರೆದರೆ ಸಾಕು, ಪಟ್ಟಿ ಸೀಳಿ ಕೂದಲೆಳೆಯಷ್ಟು ಸಣ್ಣಗೆ ಬಿಡಿಸಿಕೊಳ್ಳುತ್ತದೆ. ಬಿಳಿ ಹತ್ತಿಯೊಳಗೆ ಬಿಳಿ ಎಳೆ ಯಾರ ಕಣ್ಣಿಗೆ ಬೀಳಬೇಕು? ಯಂತ್ರ ಅದನ್ನು ಮತ್ತಷ್ಟು ಚೂರು ಮಾಡಿ ಹರಡುತ್ತದೆ. ನೂಲಾಗಿ, ಬಟ್ಟೆಯಾಗಿ, ಬಣ್ಣದ ತೊಟ್ಟಿಗೆ ಇಳಿದಾಗ ಗುಟ್ಟು ಹೊರಬೀಳುತ್ತದೆ. ಹತ್ತಿ ಬಣ್ಣ ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ನೀಲಿ ಬಟ್ಟೆಯ ಮೇಲೆ ಬಿಳಿ ಗೀರು ಉಳಿಯುತ್ತದೆ. ಇದರಲ್ಲಿ ಯಾರ ಸಂಚೂ ಇಲ್ಲ. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹತ್ತಿ ತಂತ್ರಜ್ಞಾನ ಮಿಷನ್ ಮಾರುಕಟ್ಟೆ ಪ್ರಾಂಗಣ, ಜಿನ್ನಿಂಗ್ ಕಾರ್ಖಾನೆಗಳ ಸುಧಾರಣೆಗೆ ಹೊರಟದ್ದಕ್ಕೆ ಇದೂ ಒಂದು ಕಾರಣ. ಇನ್ನು ಮುಂದೆ ನಾವು 'ಹೊರವಸ್ತು ಸೇರಿಕೆ' ಎಂದು ಬರೆಯುತ್ತೇವೆ.

ನೀರಿನ ಮಾತಿನಲ್ಲಿ ನಮ್ಮ ತಪ್ಪು ಇನ್ನೂ ದೊಡ್ಡದು. 'ಕಲುಷಿತ ನೀರು' ಎಂದು ಓದಿದ ಮನೆಯವರು ಮೊದಲು ಮಾಡುವುದು ಒಲೆ ಹಚ್ಚಿ ಕುದಿಸುವುದನ್ನು. ಚರಂಡಿ ಸೇರಿದ ನೀರಾದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಸಾಯುವಂಥದ್ದಲ್ಲ. ಅದು ನಮ್ಮ ನೆಲದಡಿಯ ಗ್ರಾನೈಟ್ ಬಂಡೆಯಿಂದ ಕರಗಿ ಬಂದದ್ದು. ಕುದಿದು ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನದಂಡದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. 'ಫ್ಲೋರೈಡ್ ಹೆಚ್ಚಿರುವ ನೀರು' ಎಂದೇ ನಾವು ಬರೆಯಬೇಕಿತ್ತು.

'ಮೈಲಿಗೆ' ಎಂಬ ಪದವನ್ನು ಮಾತ್ರ ನಾವು ಎಂದೂ ಬಳಸುವುದಿಲ್ಲ. ಲ್ಯಾಟಿನ್‌ನಲ್ಲಿ ಕಂಟಾಮಿನೇಷನ್ನಿನ ಬೇರು 'ತಾಗು' ಎಂಬುದೇ. ನಮ್ಮ 'ಸೋಂಕು' ಕೂಡ ಮೊದಲಿಗೆ ಬರೀ ಸ್ಪರ್ಶ, ತಂಗಾಳಿ ಸೋಂಕಿತು ಎನ್ನುತ್ತೇವಲ್ಲ. ಆದರೆ ಮೈಲಿಗೆಯ ಹೆಸರಿನಲ್ಲಿ ಊರಿನ ಬಾವಿಯಿಂದ ಮನುಷ್ಯರನ್ನೇ ದೂರ ನಿಲ್ಲಿಸಿದ್ದಾರೆ.

ಎರಡೂ ಸಾಲುಗಳ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ನಿಮ್ಮ ಹೊಲದಲ್ಲಿ ಹತ್ತಿ ಬಿಡಿಸುವವರು ಬಟ್ಟೆಯ ಉಡಿ ಕಟ್ಟುತ್ತಾರೋ, ಪ್ಲಾಸ್ಟಿಕ್ ಚೀಲ ಹಿಡಿಯುತ್ತಾರೋ, ಬರೆದು ತಿಳಿಸಿ.